ಟೈಟ್ ಎಂಡ್‌ಗಳಲ್ಲಿ ಹಿರಿಯನಾರು?

ಫುಟ್‌ಬಾಲ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕಾಲಿನಿಂದ ಒದೆಯುವ ದುಂಡನೆಯ ಚೆಂಡು. ಅಮೆರಿಕದವರು ಅದೇ ಹೆಸರಿನಿಂದ ಕರೆಯುವ ಆಟವೇ ಬೇರೆ. ಅಲ್ಲಿಯ ಚೆಂಡು ದುಂಡಗಿಲ್ಲ; ಎರಡು ತುದಿಗಳೂ ಮೊನಚಾಗಿ ನೀಳವಾಗಿರುತ್ತದೆ. ಅದನ್ನು ಒದೆಯುವುದು ಅಪರೂಪ. ಕಂಕುಳಲ್ಲಿ ಅವುಚಿಕೊಂಡು ಓಡುವುದು, ಇಲ್ಲವೆ ಕೈಯಿಂದ ಎಸೆಯುವುದು, ಇದೇ ಹೆಚ್ಚು. ಈ ಆಟದಲ್ಲಿ ‘ಟೈಟ್ ಎಂಡ್’ ಎಂಬ ಒಂದು ಸ್ಥಾನವಿದೆ. ಆ ಸ್ಥಾನದಲ್ಲಿ ಇದುವರೆಗೆ ಆಡಿದವರ ಪೈಕಿ ಎಲ್ಲರಿಗಿಂತ ಹಿರಿಯನು ಯಾರು ಎಂಬುದು ಆ ದೇಶದ ಕ್ರೀಡಾಪ್ರಿಯರು ಬಹುಕಾಲದಿಂದ ನಡೆಸುತ್ತ ಬಂದಿರುವ ವಾದ.

ಇಂಥ ವಾದಗಳು ಯಾವ ಆಟದಲ್ಲಿ ಇಲ್ಲ? ಹಾಸ್ಟೆಲಿನ ಊಟದ ಮನೆಯಲ್ಲಿ ಎಲೆಯ ಮುಂದೆ ಕುಳಿತು, ಸಾರು ಆರಿಹೋಗುವವರೆಗೂ ಕ್ರಿಕೆಟ್ ಆಟಗಾರರ ತಾರತಮ್ಯವನ್ನು ಚರ್ಚಿಸುವ ಮಿತ್ರರು ನಮ್ಮಲ್ಲಿಯೂ ಬೇಕಾದಷ್ಟಿದ್ದಾರೆ. ಆದರೆ ಟೈಟ್ ಎಂಡ್‌ನ ವಿಚಾರದಲ್ಲಿ ಒಂದು ವಿಶೇಷವುಂಟು. ಅವನು ಎರಡು ಕೆಲಸಗಳನ್ನು ಮಾಡುವವನು. ಅವುಗಳಲ್ಲಿ ಒಂದನ್ನು ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಾರೆ, ಇನ್ನೊಂದನ್ನು ಬರೆಯುವುದಿಲ್ಲ. ಬರೆಯದೆ ಬಿಟ್ಟ ಕೆಲಸಕ್ಕೆ ಬೆಲೆ ಕಟ್ಟುವುದು ಹೇಗೆ ಎಂಬುದೇ ಈ ವಾದದ ತಿರುಳು. ಪರೀಕ್ಷೆಯ ಅಂಕಗಳಿಂದಲೇ ವಿದ್ಯೆಯನ್ನು ಅಳೆಯಿಸಿಕೊಳ್ಳುವ ನಮಗೆ ಈ ಪ್ರಶ್ನೆ ತೀರ ಹೊರಗಿನದೇನೂ ಅಲ್ಲ.

ಆಟದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಮೈದಾನದ ಉದ್ದ 100 ಗಜ. ಅದರ ಎರಡು ಕೊನೆಗಳಲ್ಲಿ 10 ಗಜದ ಒಂದೊಂದು ಪಟ್ಟಿ. ಎದುರಾಳಿಯ ಪಟ್ಟಿಯೊಳಗೆ ಚೆಂಡನ್ನು ಕೊಂಡೊಯ್ದರೆ ಟಚ್‌ಡೌನ್. ಅದಕ್ಕೆ 6 ಅಂಕ. ಪ್ರತಿ ತಂಡದಿಂದ 11 ಮಂದಿ. ಚೆಂಡು ಯಾರ ವಶದಲ್ಲಿದೆಯೋ ಆ ತಂಡಕ್ಕೆ ನಾಲ್ಕು ಸರದಿಗಳುಂಟು. ಅಷ್ಟರೊಳಗೆ 10 ಗಜ ಮುಂದುವರಿದರೆ ಮತ್ತೆ ನಾಲ್ಕು ಸರದಿ, ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಪ್ರತಿ ಸರದಿಯಲ್ಲಿಯೂ ಎರಡು ತಂಡಗಳು ಎದುರುಬದುರಾಗಿ ಸಾಲುಗಟ್ಟಿ ನಿಲ್ಲುತ್ತವೆ. ಸಾಲಿನ ನಡುವಿನವನು ಚೆಂಡನ್ನು ಕಾಲುಗಳ ಸಂದಿಯಿಂದ ಹಿಂದಕ್ಕೆ ಕೊಡುತ್ತಾನೆ. ಅದನ್ನು ಪಡೆದ ಕ್ವಾರ್ಟರ್‌ಬ್ಯಾಕ್, ಅಂದರೆ ತಂಡದ ಸೂತ್ರಧಾರ, ಪಕ್ಕದ ಓಟಗಾರನ ಕೈಗೆ ಕೊಡಬಹುದು ಅಥವಾ ಮುಂದೆ ಓಡಿಹೋದವನಿಗೆ ಎಸೆಯಬಹುದು.

ಸಾಲಿನ ನಡುವೆ ನಿಂತ ಐದು ಮಂದಿ ದಢೂತಿ ಆಳುಗಳಿಗೆ ಚೆಂಡನ್ನು ಹಿಡಿಯಲು ಮುಂದೆ ಓಡುವ ಅಧಿಕಾರವಿಲ್ಲ. ಎದುರಿನವರನ್ನು ಎದೆಗೆ ಎದೆಕೊಟ್ಟು ತಡೆದು, ತಮ್ಮ ಓಟಗಾರನಿಗೆ ದಾರಿ ಮಾಡಿಕೊಡುವುದೇ ಅವರ ಕೆಲಸ. ಮೈದಾನದ ಅಂಚಿನಲ್ಲಿ ದೂರ ನಿಲ್ಲುವ ಹಗುರ ಮೈಯ ಓಟಗಾರರಿಗೆ ಚೆಂಡು ಹಿಡಿಯುವುದೇ ಮುಖ್ಯ. ಇವರಿಬ್ಬರ ನಡುವೆ, ಸಾಲಿನ ಕೊನೆಯಲ್ಲಿ, ಪಕ್ಕದವನ ಭುಜಕ್ಕೆ ಭುಜ ತಾಗುವಂತೆ ನಿಂತವನೇ ಟೈಟ್ ಎಂಡ್. ಸಾಲಿನ ತುದಿಯವನಾದ್ದರಿಂದ ‘ಎಂಡ್’. ಒತ್ತಾಗಿ ನಿಂತವನಾದ್ದರಿಂದ ‘ಟೈಟ್’. ಇವನು ತಡೆಯಲೂ ಬಹುದು, ಚೆಂಡು ಹಿಡಿಯಲು ಓಡಲೂ ಬಹುದು. ಎರಡರಲ್ಲಿ ಯಾವುದನ್ನು ಮಾಡುವನೆಂದು ಎದುರಾಳಿಗೆ ಮೊದಲೇ ತಿಳಿಯಬಾರದು. ಆ ಸಂಶಯವೇ ಅವನ ಆಯುಧ.

ನಮ್ಮವರಿಗೆ ತಿಳಿಯುವ ಹೋಲಿಕೆ ಬೇಕಾದರೆ ವಿಕೆಟ್ ಕೀಪರನನ್ನು ನೆನೆಯಬಹುದು. ಅವನು ಬಾರಿಸಿದ ಓಟಗಳು ಪುಸ್ತಕದಲ್ಲಿರುತ್ತವೆ. ಹಿಡಿದ ಕ್ಯಾಚುಗಳೂ ಇರುತ್ತವೆ. ಆದರೆ ದಿನವಿಡೀ ಕುಕ್ಕರಗಾಲಿನಲ್ಲಿ ಕುಳಿತು ಬೌಂಡರಿಗೆ ಹೋಗಗೊಡದೆ ತಡೆದ ಚೆಂಡುಗಳ ಲೆಕ್ಕವನ್ನು ಯಾರು ಇಟ್ಟಿದ್ದಾರೆ? 1983ರ ವಿಶ್ವಕಪ್ಪನ್ನು ಗೆದ್ದ ತಂಡದಲ್ಲಿ ನಮ್ಮ ಕಿರ್ಮಾನಿ ಇದ್ದದ್ದು ಕೀಪರನಾಗಿ. 2003ರ ವಿಶ್ವಕಪ್ಪಿನಲ್ಲಿ ಇನ್ನೊಬ್ಬ ಬ್ಯಾಟುಗಾರನಿಗೆ ಸ್ಥಳವಾಗಲೆಂದು ಆ ಕೈಚೀಲಗಳನ್ನು ತೊಡಿಸಿದ್ದು ದ್ರಾವಿಡನಿಗೆ. ಇಬ್ಬರೂ ಕನ್ನಡನಾಡಿನವರೇ, ಆದರೆ ಒಂದೇ ಸ್ಥಾನವನ್ನು ಎರಡು ಕಾಲಗಳು ಎಷ್ಟು ಬೇರೆಯಾಗಿ ಎಣಿಸಿದವು! ಟೈಟ್ ಎಂಡ್‌ನ ಚರಿತ್ರೆಯೂ ಹೆಚ್ಚುಕಡಿಮೆ ಇದೇ ಹಾದಿಯಲ್ಲಿ ನಡೆದಿದೆ.

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಸಂಘ, ಅಂದರೆ ನ್ಯಾಷನಲ್ ಫುಟ್‌ಬಾಲ್ ಲೀಗ್, ಹುಟ್ಟಿದ್ದು 1920ರಲ್ಲಿ. ಮೊದಲ ಕಾಲದಲ್ಲಿ ದಾಳಿಗೂ ರಕ್ಷಣೆಗೂ ಅವೇ ಹನ್ನೊಂದು ಮಂದಿ. 1950ರಿಂದ ಆಟಗಾರರನ್ನು ಬೇಕೆಂದಾಗ ಬದಲಿಸಲು ಶಾಶ್ವತವಾಗಿ ಅವಕಾಶವಾಯಿತು. ಆಗ ಒಬ್ಬೊಬ್ಬನಿಗೆ ಒಂದೊಂದು ಕಸುಬು ಎಂಬ ಪದ್ಧತಿ ಬಲಿಯಿತು. ಆದರೂ ಸಾಲಿನ ತುದಿಯ ಒತ್ತು ಆಳು ಮುಖ್ಯವಾಗಿ ತಡೆಯುವವನೇ ಆಗಿದ್ದನು.

ಈ ಭಾವನೆಯನ್ನು ಅಲುಗಿಸಿದವನು ಮೈಕ್ ಡಿಟ್ಕಾ. ಪೆನ್ಸಿಲ್ವೇನಿಯಾದ ಉಕ್ಕಿನ ಕಾರ್ಖಾನೆಗಳ ಊರಾದ ಅಲಿಕ್ವಿಪಾದಲ್ಲಿ ಬೆಳೆದವನು. 1961ರಲ್ಲಿ ಷಿಕಾಗೋ ಬೇರ್ಸ್ ತಂಡಕ್ಕೆ ಸೇರಿ, ಮೊದಲನೆಯ ವರ್ಷದಲ್ಲಿಯೇ 56 ಕ್ಯಾಚುಗಳಿಂದ 1,076 ಗಜ ಮುನ್ನಡೆದು 12 ಟಚ್‌ಡೌನ್‌ಗಳನ್ನು ಗಳಿಸಿದನು. ಎದುರಿನವನನ್ನು ಕೆಡವಲೂ ಬಲ್ಲ, ಕೆಡವಿದವನನ್ನು ದಾಟಿ ಚೆಂಡು ಹಿಡಿಯಲೂ ಬಲ್ಲ ಇಂಥ ಆಳನ್ನು ಜನ ಅದುವರೆಗೆ ಕಂಡಿರಲಿಲ್ಲ.

ಡಿಟ್ಕಾನ ಆಟದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಟಚ್‌ಡೌನ್ ಆಗದ ಒಂದು ಓಟ. 1963ರ ನವೆಂಬರ್ 24, ಪಿಟ್ಸ್‌ಬರ್ಗ್. ಅಧ್ಯಕ್ಷ ಕೆನೆಡಿಯವರ ಹತ್ಯೆಯಾಗಿ ಎರಡೇ ದಿನ. ದೇಶವೆಲ್ಲ ಸೂತಕದಲ್ಲಿದ್ದಾಗ ಪಂದ್ಯಗಳನ್ನು ನಿಲ್ಲಿಸದೆ ಆಡಿಸಿದರು. ಷಿಕಾಗೋ ತಂಡ ಸೋಲುವ ಹಂತದಲ್ಲಿತ್ತು. ಹತ್ತಿರದಲ್ಲಿಯೇ ಒಂದು ಚಿಕ್ಕ ಎಸೆತವನ್ನು ಹಿಡಿದ ಡಿಟ್ಕಾ, ಮೈಮೇಲೆ ಬಿದ್ದವರನ್ನು ಒಬ್ಬೊಬ್ಬರನ್ನಾಗಿ ಕೊಡವಿಕೊಂಡು 63 ಗಜ ಓಡಿದನು. ಉಸಿರು ಕಟ್ಟಿ, ಗೆರೆಯನ್ನು ಮುಟ್ಟುವ ಮೊದಲೇ ಸಿಕ್ಕಿಬಿದ್ದನು. ಆದರೆ ಆ ಓಟದಿಂದ ದೊರೆತ ಸ್ಥಳದಿಂದ ಚೆಂಡನ್ನು ಕಂಬಗಳ ನಡುವೆ ಒದ್ದು 3 ಅಂಕ ಗಳಿಸಿ, ಪಂದ್ಯವನ್ನು 17–17ರಲ್ಲಿ ಸಮ ಮಾಡಿಕೊಂಡರು. ಆ ವರ್ಷ ಷಿಕಾಗೋ 11 ಗೆದ್ದು 1 ಸೋತಿತು. 2 ಪಂದ್ಯಗಳು ಸಮವಾದವು. ಗ್ರೀನ್ ಬೇ ತಂಡ 11 ಗೆದ್ದು 2 ಸೋತು 1 ಸಮ ಮಾಡಿಕೊಂಡಿತು. ಪಿಟ್ಸ್‌ಬರ್ಗಿನಲ್ಲಿ ಸೋತಿದ್ದರೆ ಎರಡೂ ತಂಡಗಳು ಸರಿಸಮ! ಆ ಒಂದು ಓಟದ ಬಲದಿಂದ ವಿಭಾಗವನ್ನು ಗೆದ್ದ ಷಿಕಾಗೋ, ಡಿಸೆಂಬರಿನಲ್ಲಿ ನ್ಯೂಯಾರ್ಕ್ ತಂಡವನ್ನು 14–10ರಿಂದ ಸೋಲಿಸಿ ಚಾಂಪಿಯನ್ ಆಯಿತು. ಡಿಟ್ಕಾನ ಟಚ್‌ಡೌನ್ ಪಟ್ಟಿಯಲ್ಲಿ ಮಾತ್ರ ಆ ಓಟಕ್ಕೆ ಸೊನ್ನೆ.

1964ರಲ್ಲಿ ಅವನು ಹಿಡಿದ 75 ಕ್ಯಾಚುಗಳ ದಾಖಲೆಯನ್ನು 1980ರವರೆಗೆ ಯಾವ ಟೈಟ್ ಎಂಡೂ ಮುರಿಯಲಿಲ್ಲ. ಆ ಆಟದ ಕೀರ್ತಿಮಂದಿರಕ್ಕೆ, ಎಂದರೆ ಹಾಲ್ ಆಫ್ ಫೇಮಿಗೆ, ಆಯ್ಕೆಯಾದ ಮೊದಲನೆಯ ಟೈಟ್ ಎಂಡ್ ಅವನೇ, ಅದು 1988ರಲ್ಲಿ.

ಡಿಟ್ಕಾನ ಸಮಕಾಲೀನ ಜಾನ್ ಮ್ಯಾಕಿ. 1963ರಲ್ಲಿ ಬಾಲ್ಟಿಮೋರ್ ಕೋಲ್ಟ್ಸ್ ತಂಡಕ್ಕೆ ಬಂದವನು. ಡಿಟ್ಕಾ ಗೂಳಿಯಾದರೆ ಇವನು ಗೂಳಿಯ ಮೈಯಲ್ಲಿ ಸೇರಿಕೊಂಡ ಕುದುರೆ. 1966ರಲ್ಲಿ ಅವನು ಗಳಿಸಿದ 9 ಟಚ್‌ಡೌನ್‌ಗಳಲ್ಲಿ 6 ಐವತ್ತು ಗಜಕ್ಕೆ ಕಡಮೆಯಿಲ್ಲದವು. ಟೈಟ್ ಎಂಡ್ ಎಂದರೆ ನಾಲ್ಕು ಹೆಜ್ಜೆ ಓಡಿ ಚೆಂಡು ಹಿಡಿದು ಕೆಳಗೆ ಬೀಳುವವನೆಂದು ತಿಳಿದಿದ್ದವರಿಗೆ ಇದೊಂದು ಪಾಠ. ಅವನ ಪ್ರತಿ ಕ್ಯಾಚಿನ ಸರಾಸರಿ 15.8 ಗಜ. 1971ರ ಜನವರಿಯಲ್ಲಿ ನಡೆದ ಐದನೆಯ ಸೂಪರ್ ಬೌಲಿನಲ್ಲಿ, ಇನ್ನೊಬ್ಬನಿಗಾಗಿ ಎಸೆದ ಚೆಂಡು ಕೈಯಿಂದ ಕೈಗೆ ತಾಗಿ ಹಾರಿಬಂದಾಗ ಅದನ್ನು ಹಿಡಿದು, 75 ಗಜದ ಟಚ್‌ಡೌನ್ ಮಾಡಿದನು. ಎದುರಿನ ಡಲ್ಲಾಸ್ ತಂಡದಲ್ಲಿದ್ದ ಟೈಟ್ ಎಂಡ್‌ಗಳಲ್ಲಿ ಒಬ್ಬನು ಡಿಟ್ಕಾ! ಬಾಲ್ಟಿಮೋರ್ 16–13ರಿಂದ ಗೆದ್ದಿತು. ಮ್ಯಾಕಿಯ ವಿಚಾರ ಇಲ್ಲಿಗೆ ಮುಗಿಯಲಿಲ್ಲ. ಕೊನೆಯಲ್ಲಿ ಅವನ ಬಳಿಗೆ ಮರಳಬೇಕಾಗಿದೆ.

ಎಪ್ಪತ್ತರ ದಶಕದ ಕೊನೆಗೆ ಆಟದ ನಿಯಮಗಳೇ ಬದಲಾದವು. 1978ರಿಂದ, ಚೆಂಡು ಹಿಡಿಯಲು ಓಡುವವನನ್ನು ಸಾಲಿನಿಂದ 5 ಗಜದ ಆಚೆ ತಳ್ಳಿ ಹಿಡಿದು ಕಾಡಿಸಕೂಡದೆಂದು ವಿಧಿಸಿದರು. ಅದೇ ವರ್ಷ ಋತುವಿನ ಪಂದ್ಯಗಳು 14ರಿಂದ 16ಕ್ಕೆ ಏರಿದವು. 2021ರಿಂದ 17 ಆಗಿವೆ. ಆದ್ದರಿಂದ ಡಿಟ್ಕಾನ 1,000 ಗಜವನ್ನೂ ಈಗಿನವರ 1,000 ಗಜವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹಳೆಯ ರೂಪಾಯಿಯನ್ನೂ ಈಗಿನ ರೂಪಾಯಿಯನ್ನೂ ಸಮವೆಂದು ಎಣಿಸಿದಂತೆ. ಅರ್ಥಶಾಸ್ತ್ರದ ಅಧ್ಯಾಪಕರು ಇದನ್ನು ಒಪ್ಪುವರೆಂದು ನಂಬಿದ್ದೇನೆ.

ಈ ಹೊಸ ಗಾಳಿಯನ್ನು ಚೆನ್ನಾಗಿ ಬಳಸಿಕೊಂಡವನು ಸ್ಯಾನ್ ಡಿಯಾಗೋ ತಂಡದ ಕೆಲೆನ್ ವಿನ್ಸ್‌ಲೋ. ಅವನ ಗುರು ಡಾನ್ ಕೊರಿಯೆಲ್ ಅವನನ್ನು ಸಾಲಿನ ತುದಿಗೆ ಕಟ್ಟಿಹಾಕದೆ, ಬೇಕಾದಲ್ಲಿ ನಿಲ್ಲಿಸಿ ಓಡಿಸಿದನು. 1980ರಲ್ಲಿ 89 ಕ್ಯಾಚು ಹಿಡಿದು ಡಿಟ್ಕಾನ ದಾಖಲೆಯನ್ನು ಮುರಿದವನು ಇವನೇ. 1982ರ ಜನವರಿ 2ರಂದು ಮಯಾಮಿಯಲ್ಲಿ ನಡೆದ ಪಂದ್ಯವನ್ನು ಬಲ್ಲವರು ಇಂದಿಗೂ ಕಥೆ ಹೇಳಿದಂತೆ ಹೇಳುತ್ತಾರೆ. ಬೆವರು ಕಿತ್ತುಬರುವ ಸೆಕೆ. ವಿನ್ಸ್‌ಲೋ ಸ್ನಾಯುಸೆಳೆತದಿಂದ ಮತ್ತೆ ಮತ್ತೆ ಬಿದ್ದು ಹೊರಗೆ ಹೋಗಿ ಮತ್ತೆ ಮತ್ತೆ ಬಂದನು. 13 ಕ್ಯಾಚು, 166 ಗಜ. ಪಂದ್ಯ ಸಮವಾಗಿದ್ದು ಕೆಲವೇ ಸೆಕೆಂಡುಗಳು ಉಳಿದಿದ್ದಾಗ, ಎದುರಾಳಿ ಗೆಲುವಿಗಾಗಿ ಒದ್ದ ಚೆಂಡನ್ನು ಎಗರಿ ಕೈಯಿಂದ ತಡೆದವನೂ ಅವನೇ. ಹೆಚ್ಚಿನ ಅವಧಿಯಲ್ಲಿ ಸ್ಯಾನ್ ಡಿಯಾಗೋ 41–38ರಿಂದ ಗೆದ್ದಿತು. ಜೊತೆಗಾರರಿಬ್ಬರ ಹೆಗಲ ಮೇಲೆ ಕೈಹಾಕಿ ಮೈದಾನದಿಂದ ಹೊರನಡೆದ ಅವನ ಚಿತ್ರ ಆ ಆಟದ ಪ್ರಸಿದ್ಧ ಚಿತ್ರಗಳಲ್ಲಿ ಒಂದು.

ವಿನ್ಸ್‌ಲೋನ ಅನಂತರ ಟೈಟ್ ಎಂಡ್ ಕ್ರಮೇಣ ಚೆಂಡು ಹಿಡಿಯುವವನೇ ಆಗುತ್ತ ನಡೆದನು. ಷ್ಯಾನನ್ ಷಾರ್ಪ್ 10,000 ಗಜವನ್ನು ದಾಟಿದ ಮೊದಲನೆಯವನಾದನು. ಆಮೇಲೆ ಬಂದವನು ಟೋನಿ ಗೊನ್ಸಾಲೆಸ್. ಕಾಲೇಜಿನಲ್ಲಿ ಫುಟ್‌ಬಾಲಿನ ಜೊತೆಗೆ ಬ್ಯಾಸ್ಕೆಟ್‌ಬಾಲನ್ನೂ ಆಡಿದವನು. ಎಲ್ಲರ ತಲೆಯ ಮೇಲಿಂದ ಚೆಂಡನ್ನು ಕಿತ್ತುಕೊಳ್ಳುವ ವಿದ್ಯೆ ಅಲ್ಲಿಂದ ಬಂದದ್ದು. 1997ರಿಂದ 2013ರವರೆಗೆ 17 ಋತುಗಳಲ್ಲಿ 270 ಪಂದ್ಯಗಳನ್ನಾಡಿ, 1,325 ಕ್ಯಾಚುಗಳಿಂದ 15,127 ಗಜ, 111 ಟಚ್‌ಡೌನ್. ಈ 17 ಋತುಗಳಲ್ಲಿ ಅವನು ತಪ್ಪಿಸಿಕೊಂಡದ್ದು ಎರಡೇ ಪಂದ್ಯ. ಕೈಯಿಂದ ಚೆಂಡನ್ನು ಜಾರಿಸಿದ್ದು ಆರೇ ಸಲ. ಹಾಜರಿ ಪುಸ್ತಕದಲ್ಲಿ ಇಂಥ ದಾಖಲೆಯುಳ್ಳ ವಿದ್ಯಾರ್ಥಿ ನಮ್ಮ ಕಾಲೇಜಿನಲ್ಲಿ ಒಬ್ಬನೂ ಇರಲಾರ. ಆದರೆ ವಿಧಿ ಅವನಿಗೆ ಒಲಿಯಲಿಲ್ಲ. ಋತುವಿನ ಕೊನೆಯ ನಾಕೌಟ್ ಪಂದ್ಯಗಳಲ್ಲಿ ಅವನ ತಂಡ ಗೆದ್ದದ್ದು ಅಷ್ಟೂ ವರ್ಷಗಳಲ್ಲಿ ಒಂದೇ ಒಂದು ಸಲ.

ಆಂಟೋನಿಯೋ ಗೇಟ್ಸ್ ಇನ್ನೂ ವಿಚಿತ್ರ. ಕಾಲೇಜಿನಲ್ಲಿ ಅವನು ಆಡಿದ್ದು ಬ್ಯಾಸ್ಕೆಟ್‌ಬಾಲ್ ಮಾತ್ರ. 2003ರಲ್ಲಿ ಯಾವ ತಂಡವೂ ಅವನನ್ನು ಆಯ್ಕೆಪಟ್ಟಿಯಲ್ಲಿ ಆರಿಸಲಿಲ್ಲ. ಸ್ಯಾನ್ ಡಿಯಾಗೋದವರು ಸುಮ್ಮನೆ ಕರೆದು ಸೇರಿಸಿಕೊಂಡ ಈ ಹುಡುಗ 116 ಟಚ್‌ಡೌನ್ ಮಾಡಿ ನಿವೃತ್ತನಾದನು.

ಇನ್ನು ಟ್ರಾವಿಸ್ ಕೆಲ್ಸಿ. ಕಾನ್ಸಾಸ್ ಸಿಟಿ ತಂಡದೊಡನೆ ಮೂರು ಸೂಪರ್ ಬೌಲುಗಳನ್ನು ಗೆದ್ದವನು. 2016ರಿಂದ 2022ರವರೆಗೆ ಏಳು ಋತುಗಳಲ್ಲಿ ಒಂದನ್ನೂ ಬಿಡದೆ 1,000 ಗಜ ದಾಟಿದನು. 2020ರಲ್ಲಿ 1,416 ಗಜ. 2024ರ ಋತುವಿನ ಕೊನೆಗೆ ಅವನ ಕ್ಯಾಚುಗಳು ಸಾವಿರವನ್ನೂ ಗಜಗಳು ಹನ್ನೆರಡು ಸಾವಿರವನ್ನೂ ದಾಟಿದ್ದವು. ನಾಕೌಟ್ ಪಂದ್ಯಗಳಲ್ಲಿ ಎಲ್ಲರಿಗಿಂತ ಹೆಚ್ಚು ಕ್ಯಾಚು ಹಿಡಿದವನೆಂದು, ಬಹುಕಾಲ ಜೆರಿ ರೈಸನದಾಗಿದ್ದ 151ರ ದಾಖಲೆಯನ್ನು ಅವನು 2024ರ ಜನವರಿಯಲ್ಲಿ ಮುರಿದನು. ಎದುರಿನವರ ನಡುವೆ ಎಲ್ಲಿ ಸಂದು ಬೀಳುವುದೆಂಬುದನ್ನು ಮೊದಲೇ ಮೂಸಿ ಅಲ್ಲಿಗೆ ಹೋಗಿ ನಿಲ್ಲುವುದರಲ್ಲಿ ಅವನಿಗೆ ಸಮಾನರಿಲ್ಲ.

ಇಷ್ಟು ಹೆಸರುಗಳನ್ನು ಓದಿದ ಮೇಲೆ ವಾಚಕರಿಗೆ ಒಂದು ಸಂಗತಿ ಹೊಳೆದಿರಬೇಕು. ಹೊಸಬರ ವಿಚಾರ ಬಂದಂತೆಲ್ಲ ನಾನು ಬರೆದದ್ದು ಕ್ಯಾಚು, ಗಜ, ಟಚ್‌ಡೌನ್, ಇಷ್ಟೇ. ತಡೆಯ ಮಾತೇ ಇಲ್ಲ! ಇದು ನನ್ನ ತಪ್ಪೂ ಹೌದು, ಪುಸ್ತಕದ ತಪ್ಪೂ ಹೌದು. ಯಾರು ಯಾರನ್ನು ಎಷ್ಟು ಸಲ ತಡೆದರು, ಆ ತಡೆಯಿಂದ ಓಟಗಾರನಿಗೆ ಎಷ್ಟು ಗಜ ದೊರೆಯಿತು ಎಂಬ ಅಂಕಣ ಅಧಿಕೃತ ಲೆಕ್ಕದಲ್ಲಿಲ್ಲ. ಇತ್ತೀಚೆಗೆ ಪಂದ್ಯದ ಚಿತ್ರವನ್ನು ಮತ್ತೆ ಮತ್ತೆ ನೋಡಿ ಪ್ರತಿಯೊಂದು ತಡೆಗೂ ಅಂಕ ಕೊಡುವ ಸಂಸ್ಥೆಗಳು ಹುಟ್ಟಿಕೊಂಡಿವೆ. ಆದರೆ ಅದು ಪರೀಕ್ಷಕನ ಅಭಿಪ್ರಾಯವೇ ಹೊರತು ಗಜಕೋಲಿನ ಅಳತೆಯಲ್ಲ. ಅಲ್ಲದೆ ಡಿಟ್ಕಾ ಮ್ಯಾಕಿಯರ ಕಾಲಕ್ಕೆ ಅದೂ ಇರಲಿಲ್ಲ.

ಈ ಪ್ರಶ್ನೆ ಬರಿಯ ಹರಟೆಯಲ್ಲ ಎಂಬುದಕ್ಕೆ 2014ರಲ್ಲಿ ನಡೆದ ಒಂದು ವ್ಯಾಜ್ಯವೇ ಸಾಕ್ಷಿ. ನ್ಯೂ ಆರ್ಲಿಯನ್ಸ್ ತಂಡದ ಜಿಮಿ ಗ್ರಹಾಮ್ ಹಿಂದಿನ ಋತುವಿನಲ್ಲಿ 16 ಟಚ್‌ಡೌನ್ ಮಾಡಿದ್ದನು. ಲೀಗಿನ ಒಂದು ನಿಯಮದ ಪ್ರಕಾರ ತಂಡವು ತನ್ನ ಒಬ್ಬ ಆಟಗಾರನನ್ನು ಒಂದು ವರ್ಷದ ಮಟ್ಟಿಗೆ ಉಳಿಸಿಕೊಳ್ಳಬಹುದು. ಅವನ ಸ್ಥಾನಕ್ಕೆ ತಕ್ಕಂತೆ ಸಂಬಳ ಗೊತ್ತಾಗುತ್ತದೆ. ಟೈಟ್ ಎಂಡ್ ಆದರೆ ಸುಮಾರು 70 ಲಕ್ಷ ಡಾಲರ್. ಅಂಚಿನಲ್ಲಿ ನಿಂತು ಚೆಂಡು ಹಿಡಿಯುವ ವೈಡ್ ರಿಸೀವರ್ ಆದರೆ 1 ಕೋಟಿ 20 ಲಕ್ಷಕ್ಕೂ ಮೇಲೆ. ‘ಸುಮಾರು ಮೂರರಲ್ಲಿ ಎರಡು ಪಾಲು ಸರದಿಗಳಲ್ಲಿ ನಾನು ಸಾಲನ್ನು ಬಿಟ್ಟು ದೂರ ನಿಂತಿದ್ದೇನೆ, ಆದ್ದರಿಂದ ನಾನು ಟೈಟ್ ಎಂಡ್ ಅಲ್ಲ’ ಎಂಬುದು ಗ್ರಹಾಮನ ವಾದದ ತಾತ್ಪರ್ಯ. ತೀರ್ಪುಗಾರನು ಒಪ್ಪಲಿಲ್ಲ. ಸಾಲಿನ ತುದಿಯಿಂದ ನಾಲ್ಕು ಗಜದ ಒಳಗೆ ನಿಂತರೂ ಅದು ಟೈಟ್ ಎಂಡ್‌ನ ಸ್ಥಾನವೇ ಎಂದು ಎಣಿಸಿ, ತಂಡದ ಪರವಾಗಿ ತೀರ್ಪಿತ್ತನು. ಒಬ್ಬ ಮನುಷ್ಯ ನಿಂತ ಸ್ಥಳದ ಅಂತರಕ್ಕೆ 50 ಲಕ್ಷ ಡಾಲರ್ ಬೆಲೆ! ಇಲ್ಲಿಯೂ ತಡೆಯುವ ಕೆಲಸ ಅಗ್ಗ, ಹಿಡಿಯುವ ಕೆಲಸ ತುಟ್ಟಿ ಎಂಬುದನ್ನು ಗಮನಿಸಬೇಕು. ಪುಸ್ತಕದಲ್ಲಿ ಬರೆಯದ ಕೆಲಸಕ್ಕೆ ಪೇಟೆಯಲ್ಲಿಯೂ ಬೆಲೆ ಇಳಿಯುತ್ತದೆ.

ಈಗ ನನ್ನ ತೀರ್ಮಾನವನ್ನು ಹೇಳಬಹುದು. ಎರಡು ಕೆಲಸಗಳನ್ನೂ ಎಣಿಸುವುದಾದರೆ, ಮೈದಾನದ ಆಟದಲ್ಲಿ ರಾಬ್ ಗ್ರಾಂಕೌಸ್ಕಿಗೆ ಮಿಗಿಲಾದವನು ಇಲ್ಲ. ಆರಡಿ ಆರಂಗುಲ ಎತ್ತರ, 120 ಕಿಲೋ ತೂಕ. 2010ರಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡಕ್ಕೆ ಬಂದು, ಮರುವರ್ಷವೇ ಎಸೆತಗಳನ್ನು ಹಿಡಿದು 17 ಟಚ್‌ಡೌನ್ ಮಾಡಿದನು. ಅವನ ಒಟ್ಟು ಲೆಕ್ಕ 143 ಪಂದ್ಯ, 92 ಟಚ್‌ಡೌನ್. ಎಂದರೆ ಮೂರು ಪಂದ್ಯಕ್ಕೆ ಹತ್ತಿರ ಹತ್ತಿರ ಎರಡು. ಗೊನ್ಸಾಲೆಸ್‌ಗೆ ಎರಡು ಟಚ್‌ಡೌನ್ ಆಗಲು ಐದು ಪಂದ್ಯ ಬೇಕಾಯಿತು.

ಆದರೆ ನಾನು ಅವನನ್ನು ಆರಿಸುವುದು ಈ ಅಂಕಿಗಳಿಗಾಗಿ ಅಲ್ಲ. 2014ರ ನವೆಂಬರಿನಲ್ಲಿ ಇಂಡಿಯಾನಪೊಲಿಸ್ ತಂಡದೊಡನೆ ನಡೆದ ಪಂದ್ಯದಲ್ಲಿ ಜೊನಾಸ್ ಗ್ರೇ ಎಂಬ ಓಟಗಾರನು ನಾಲ್ಕು ಟಚ್‌ಡೌನ್ ಮಾಡಿದನು. ಅಲ್ಲಿಯವರೆಗೆ ಅವನ ಹೆಸರನ್ನು ಕೇಳಿದವರು ಕಡಮೆ. ಅವನು ಗೆರೆ ದಾಟಿದ ಒಂದು ಓಟದಲ್ಲಿ ಗ್ರಾಂಕೌಸ್ಕಿ ಎದುರಾಳಿಯೊಬ್ಬನನ್ನು ಎದೆಗೆ ಕೈಕೊಟ್ಟು ನೂಕುತ್ತ ನೂಕುತ್ತ ಮೈದಾನದ ಅಂಚನ್ನೂ ದಾಟಿಸಿ ಆಚೆ ಕೆಡವಿದನು. ಪುಸ್ತಕದಲ್ಲಿ ಟಚ್‌ಡೌನ್ ಗ್ರೇಯದು. ಗ್ರಾಂಕೌಸ್ಕಿಯ ಹೆಸರಿನಲ್ಲಿ ಬರೆದದ್ದು ಅತಿರೇಕಕ್ಕಾಗಿ ವಿಧಿಸಿದ ದಂಡ ಮಾತ್ರ! ತಡೆಯನ್ನು ಪುಸ್ತಕ ಗಮನಿಸುವುದು ಬಹುಶಃ ಅದು ಮಿತಿಮೀರಿದಾಗಲೇ ಏನೋ.

2019ರ ಫೆಬ್ರವರಿಯ ಸೂಪರ್ ಬೌಲ್ ಇನ್ನೊಂದು ನಿದರ್ಶನ. ಪಂದ್ಯ ಕೊನೆಯ ಭಾಗಕ್ಕೆ ಬಂದರೂ 3–3. ಮೂವರು ಎದುರಾಳಿಗಳ ನಡುವೆ ಬಿದ್ದ ಎಸೆತವೊಂದನ್ನು ಹಿಡಿದು ಗ್ರಾಂಕೌಸ್ಕಿ 29 ಗಜ ಮುಂದೊಯ್ದು, ಗೆರೆಗೆ ಎರಡು ಗಜದಲ್ಲಿ ಬಿದ್ದನು. ಮರು ಸರದಿಯಲ್ಲಿ ಸೋನಿ ಮಿಷೆಲ್ ಓಡಿ ಗೆರೆ ದಾಟಿದನು. ಪಂದ್ಯದ ಒಂದೇ ಟಚ್‌ಡೌನ್ ಅದು. ಪೇಟ್ರಿಯಟ್ಸ್ 13–3ರಿಂದ ಗೆದ್ದರು.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಗ್ರಾಂಕೌಸ್ಕಿಗೆ ಚೆಂಡು ಎಸೆದವನು ಟಾಮ್ ಬ್ರೇಡಿ. ಆ ಭಾಗ್ಯ ಗೊನ್ಸಾಲೆಸ್‌ಗೆ ಇರಲಿಲ್ಲ ಎನ್ನಬಹುದು. ಸರಿ. ಆದರೆ ತಡೆಯುವುದಕ್ಕೆ ಯಾವ ಬ್ರೇಡಿಯೂ ಬೇಕಿಲ್ಲ. ಅಲ್ಲಿ ಅವನದು ಅವನದೇ ಭುಜ. ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ಅವನು ಬಹಳ ಕಾಲ ಮೈದಾನದಲ್ಲಿ ಇರಲಿಲ್ಲ. ಬೆನ್ನಿಗೆ ಮೂರು ಸಲ ಶಸ್ತ್ರಚಿಕಿತ್ಸೆ. 2012ರಲ್ಲಿ ಮುಂಗೈ ಮುರಿಯಿತು. 2013ರಲ್ಲಿ ಮೊಣಕಾಲು ಹರಿಯಿತು. 29ನೆಯ ವಯಸ್ಸಿಗೆ ಒಮ್ಮೆ ನಿವೃತ್ತನೂ ಆದನು, ಮರುವರ್ಷ ಟಾಂಪಾ ಬೇ ತಂಡಕ್ಕೆ ಮರಳಿ ಬಂದು ನಾಲ್ಕನೆಯ ಸೂಪರ್ ಬೌಲನ್ನು ಗೆದ್ದದ್ದು ಬೇರೆ ಮಾತು. ದೀರ್ಘಾಯುಷ್ಯವೂ ಒಂದು ಗುಣವೆನ್ನುವವರು ಗೊನ್ಸಾಲೆಸ್‌ನನ್ನೋ ಕೆಲ್ಸಿಯನ್ನೋ ಆರಿಸಿದರೆ ನಾನು ಜಗಳವಾಡುವುದಿಲ್ಲ. ಆದರೆ ಅವರು ಆರಿಸುತ್ತಿರುವುದು ಚೆಂಡು ಹಿಡಿಯುವವನನ್ನು ಎಂಬುದನ್ನು ಒಪ್ಪಿಕೊಳ್ಳಬೇಕು. ಸಾಲಿನಲ್ಲಿ ಒತ್ತಾಗಿ ನಿಂತು ಇಡೀ ದಿನ ಭುಜಕೊಟ್ಟವನ ಮೈ ಬೇಗ ಸವೆಯುವುದು ಸಹಜವೇ. ಆ ಸವೆತವನ್ನೇ ಅವನ ವಿರುದ್ಧ ಲೆಕ್ಕಕ್ಕೆ ಹಿಡಿಯುವುದು ನ್ಯಾಯವಲ್ಲವೆಂದು ನನಗೆ ತೋರುತ್ತದೆ.

ಈ ಸವೆತದ ಮಾತೇ ನನ್ನನ್ನು ಜಾನ್ ಮ್ಯಾಕಿಯ ಬಳಿಗೆ ಮರಳಿ ಕರೆದೊಯ್ಯುತ್ತದೆ. 1970ರಲ್ಲಿ ಎರಡು ಲೀಗುಗಳು ಒಂದಾದಾಗ ಆಟಗಾರರ ಸಂಘಕ್ಕೆ ಅವನು ಅಧ್ಯಕ್ಷನಾದನು. ಆಗ ಒಂದು ನಿಯಮವಿತ್ತು: ಕರಾರು ಮುಗಿದ ಆಟಗಾರನನ್ನು ಬೇರೆ ತಂಡ ಸೇರಿಸಿಕೊಂಡರೆ ಹಳೆಯ ತಂಡಕ್ಕೆ ಪರಿಹಾರ ಕೊಡಬೇಕು, ಪರಿಹಾರವೇನೆಂಬುದನ್ನು ಲೀಗಿನ ಕಮಿಷನರ್ ಪೀಟ್ ರೋಜೆಲ್ ಗೊತ್ತುಮಾಡುವರು. ಏನು ಕೊಡಬೇಕಾದೀತೆಂಬ ಭಯಕ್ಕೆ ಯಾರೂ ಯಾರನ್ನೂ ಕರೆಯುತ್ತಿರಲಿಲ್ಲ. ಆಟಗಾರ ಹೆಸರಿಗೆ ಸ್ವತಂತ್ರ, ವಾಸ್ತವದಲ್ಲಿ ಜೀತ. ಇದರ ವಿರುದ್ಧ ಮ್ಯಾಕಿಯ ಹೆಸರಿನಲ್ಲಿಯೇ ಮೊಕದ್ದಮೆ ನಡೆಯಿತು. ಆ ನಿಯಮ ಕಾನೂನಿಗೆ ವಿರುದ್ಧವೆಂದು 1976ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಹೇಳಿತು. ಆಟದ ಮೊದಲ 50 ವರ್ಷಗಳ ಶ್ರೇಷ್ಠ ತಂಡವನ್ನು ಆರಿಸಿದಾಗ ಟೈಟ್ ಎಂಡ್ ಸ್ಥಾನಕ್ಕೆ ಆಯ್ಕೆಯಾಗಿದ್ದ ಇದೇ ಮ್ಯಾಕಿ ಕೀರ್ತಿಮಂದಿರದ ಬಾಗಿಲಲ್ಲಿ ಕಾದು ನಿಂತು, ಅರ್ಹತೆಯ ಹದಿನೈದನೆಯ ವರ್ಷ, 1992ರಲ್ಲಿ, ಒಳಗೆ ಬಂದನು. ಮಾಲಿಕರ ಎದುರು ನಿಂತದ್ದರ ಫಲವಿದು ಎಂದು ಆಗ ಅನೇಕರು ನಂಬಿದ್ದರು.

ಅಷ್ಟರಲ್ಲಿ ಬೇರೊಂದು ಲೆಕ್ಕ ಒಳಗೊಳಗೇ ಬೆಳೆಯುತ್ತಿತ್ತು. ಮ್ಯಾಕಿಗೆ ನೆನಪು ಕಳಚತೊಡಗಿತು. ಮಿದುಳಿನ ಮುಂಭಾಗ ಕ್ಷೀಣಿಸುವ ರೋಗವೆಂದು ವೈದ್ಯರು ಗುರುತಿಸಿದರು. ಚಿಕಿತ್ಸೆಗೂ ಶುಶ್ರೂಷೆಗೂ ಹಣ ಸಾಲದೆ ಬಂದು, ಪತ್ನಿ ಸಿಲ್ವಿಯಾ ಐವತ್ತು ದಾಟಿದ ವಯಸ್ಸಿನಲ್ಲಿ ವಿಮಾನದ ಪರಿಚಾರಿಕೆಯಾಗಿ ಕೆಲಸಕ್ಕೆ ಸೇರಿದರು. ಪತಿಯ ಸ್ಥಿತಿಯನ್ನು ವಿವರಿಸಿ ಆಕೆ ಲೀಗಿನ ಕಮಿಷನರಿಗೆ ಪತ್ರ ಬರೆದರು. ಮ್ಯಾಕಿ 2011ರ ಜುಲೈಯಲ್ಲಿ, 69ನೆಯ ವಯಸ್ಸಿನಲ್ಲಿ ತೀರಿಕೊಂಡನು. ಆಮೇಲೆ ಬಾಸ್ಟನ್ ವಿಶ್ವವಿದ್ಯಾನಿಲಯದವರು ಅವನ ಮಿದುಳನ್ನು ಪರೀಕ್ಷಿಸಿದಾಗ, ತಲೆಗೆ ಮತ್ತೆ ಮತ್ತೆ ಪೆಟ್ಟು ತಿಂದವರಲ್ಲಿ ಕಾಣುವ ಹಾನಿ ಅಲ್ಲಿ ಕಂಡಿತು. ಈ ಹಾನಿಗೆ ಮೂರ್ಛೆ ತಪ್ಪಿಸುವಂಥ ದೊಡ್ಡ ಪೆಟ್ಟುಗಳಷ್ಟೇ ಕಾರಣವಲ್ಲ, ಸಾಲಿನಲ್ಲಿ ಪ್ರತಿ ಸರದಿಗೂ ತಾಗುವ ಚಿಕ್ಕ ಪೆಟ್ಟುಗಳೂ ಕೂಡಿಕೊಳ್ಳುತ್ತವೆ ಎಂಬುದು ಈ ವಿಷಯದಲ್ಲಿ ಕೆಲಸ ಮಾಡಿದ ವೈದ್ಯರ ಅಭಿಪ್ರಾಯ. ಪುಸ್ತಕದಲ್ಲಿ ಅಂಕಣವಿಲ್ಲದ ತಡೆಗಳಿಗೆ ತಲೆಯೊಳಗೆ ಅಂಕಣವಿತ್ತು.

ಆಟದಲ್ಲಿ ಗ್ರಾಂಕೌಸ್ಕಿ ಮೇಲೆಂದೆ, ಅದನ್ನು ಬದಲಿಸುವುದಿಲ್ಲ. ಆದರೆ ಒಂದು ಸ್ಥಾನದಲ್ಲಿ ನಿಂತವನು ಆ ಸ್ಥಾನಕ್ಕೂ, ತನ್ನ ಜೊತೆಗೆ ನಿಂತವರಿಗೂ ಏನು ಮಾಡಿದನೆಂದು ಕೇಳಿದರೆ ನನ್ನ ಬಾಯಿಗೆ ಬರುವ ಹೆಸರು ಮ್ಯಾಕಿಯದೇ. ಸಿಲ್ವಿಯಾ ಬರೆದ ಪತ್ರದ ಫಲವಾಗಿ, ಮರೆವಿನ ರೋಗಕ್ಕೆ ತುತ್ತಾದ ಹಳೆಯ ಆಟಗಾರರ ಆರೈಕೆಗೆಂದು ಲೀಗೂ ಆಟಗಾರರ ಸಂಘವೂ ಕೂಡಿ 2007ರಲ್ಲಿ ಒಂದು ನಿಧಿಯನ್ನು ಏರ್ಪಡಿಸಿದವು. ಶುಶ್ರೂಷಾಲಯದಲ್ಲಿರಬೇಕಾದವನಿಗೆ ವರ್ಷಕ್ಕೆ 88,000 ಡಾಲರಿನವರೆಗೆ ಕೊಡುವುದೆಂದು ಗೊತ್ತಾಯಿತು. ಅದಕ್ಕೆ ಇಟ್ಟ ಹೆಸರು ‘88ರ ಯೋಜನೆ’. ಮ್ಯಾಕಿಯ ಅಂಗಿಯ ಮೇಲಿದ್ದ ಸಂಖ್ಯೆ 88.